ನಾಲೆ ಏರಿ ರಸ್ತೇಲಿ ಕತ್ತಲ ಸವಾರಿ: ಸೈಕಲ್ಲಿಗೆ ಮುಂದಿನ ಲೈಟ್ ಯಾವುದು ತಗೊಳ್ಳೋದು?

ಏರಿಸವಾರ (ಮಂಡ್ಯ)

ಎಲ್ರಿಗೂ ನಮಸ್ಕಾರ. ಸೈಕಲ್ಲಿಗೆ ಬ್ಯಾಟರಿಯ ಮುಂದಿನ ಲೈಟ್ ಒಂದು ಬೇಕು. ಆನ್‌ಲೈನಲ್ಲಿ ನೋಡಿದಷ್ಟೂ ಗೊಂದಲ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ದಾರಿ: ಊರಿಂದ ಮಂಡ್ಯಕ್ಕೆ 11 ಕಿ.ಮೀ. ಅದರಲ್ಲಿ 6 ಕಿ.ಮೀ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ. ಒಂದು ಕಡೆ ನೀರು, ತಡೆಗೋಡೆ ಇಲ್ಲ, ಬೀದಿದೀಪ ಇಲ್ಲ. ಬೆಳಗ್ಗೆ 5ಕ್ಕೆ ಹೊರಡೋದು, ವಾಪಸ್ ರಾತ್ರಿ 8ರ ಮೇಲೆ. ಎರಡೂ ಹೊತ್ತು ಸೇರಿ ಲೈಟು ದಿನಕ್ಕೆ ಒಂದೂವರೆ ಗಂಟೆ ಉರೀಬೇಕು. ಕಬ್ಬು ಅರೆಯೋ ಕಾಲದಲ್ಲಿ ಹಿಂದೆ ಕೆಂಪು ದೀಪಾನೂ ಇಲ್ಲದ ಟ್ರೈಲರ್‌ಗಳು ರಸ್ತೆ ಪಕ್ಕ ನಿಂತಿರ್ತವೆ.

ಸೈಕಲ್ಲು: 28 ಇಂಚಿನ ಕರಿ ಸೈಕಲ್, ರಾಡ್ ಬ್ರೇಕ್, ಮುಂದೆ ತಂತಿ ಬುಟ್ಟಿ. ವೇಗ 15ರಿಂದ 20 ಕಿ.ಮೀ.

ಎರಡು ನೋಡಿಟ್ಟಿದೀನಿ. ಒಂದು 700 ರೂಪಾಯಿದು, ಹಾರ್ನ್ ಸಮೇತ, “5000 ಲುಮೆನ್” (ಲೈಟು ಒಟ್ಟು ಚೆಲ್ಲೋ ಬೆಳಕಿನ ಅಳತೆ) ಅಂತ ಬರ್ದಿದಾರೆ. ಇನ್ನೊಂದು 1,900 ರೂಪಾಯಿ, ಬರೀ 400 ಲುಮೆನ್. ಬೆಲೆ ಜಾಸ್ತಿ, ಬೆಳಕು ಕಮ್ಮಿ, ಇದೇನು ಲೆಕ್ಕ? ಪೆನ್ಸಿಲ್ ಸೆಲ್ ಹಾಕೋ ಲೈಟು ಈಗಲೂ ತಗೋಬಹುದಾ? ಮಳೆಗೆ ಏನು ನೋಡ್ಬೇಕು?

ದೀಪದಮಲ್ಲಿ (ಮೈಸೂರು)

ಮೊದಲು ಆ 5000 ಬಿಟ್ಟಾಕಿ. ಕಾರಿನ ಹ್ಯಾಲೊಜೆನ್ ಬಲ್ಬು ಡಿಮ್‌ನಲ್ಲಿ 55 ವ್ಯಾಟ್ ತಿಂದು ಕೊಡೋದೇ ಸುಮಾರು 1000 ಲುಮೆನ್. ಎಲ್‌ಇಡಿ ಅದಕ್ಕಿಂತ ಚುರುಕು, ಒಳಗಿನ ಸರ್ಕ್ಯೂಟಿನ ನಷ್ಟ ಕಳೆದು ವ್ಯಾಟಿಗೆ 100 ಲುಮೆನ್ ಅಂತ ಹಿಡ್ಕೊಳ್ಳಿ. 5000 ಲುಮೆನ್ ಅಂದ್ರೆ 50 ವ್ಯಾಟ್. ಅಂಗೈಯಷ್ಟು ಪ್ಲಾಸ್ಟಿಕ್ ಡಬ್ಬಿಯಿಂದ ಅಷ್ಟು ಬಿಸಿ ಹೊರಗೆ ಹೋಗೋ ದಾರಿಯೇ ಇಲ್ಲ. 400 ಅಂತ ಬರೆದವರು ನಿಜ ಬರೆದಿರೋ ಸಾಧ್ಯತೆ ಜಾಸ್ತಿ, ಅಷ್ಟೇ ಆ ಬೆಲೆಯ ಗುಟ್ಟು.

ನಿಮ್ಮ ದಾರಿಗೆ 250ರಿಂದ 400 ನಿಜವಾದ ಲುಮೆನ್ ಸಾಕು. ಆದ್ರೆ ಅದಕ್ಕಿಂತ ಮುಖ್ಯ, ಆ ಬೆಳಕು ಎಲ್ಲಿ ಬೀಳುತ್ತೆ ಅನ್ನೋದು. ಅಗ್ಗದ ಲೈಟೆಲ್ಲ ಟಾರ್ಚಿನ ಹಾಗೆ ದುಂಡಗೆ ಚೆಲ್ಲುತ್ತವೆ. ಅರ್ಧ ಬೆಳಕು ರಸ್ತೆಗೆ, ಇನ್ನರ್ಧ ಎದುರಿಗೆ ಬರೋರ ಕಣ್ಣಿಗೆ ಮತ್ತೆ ತೆಂಗಿನ ಮರಕ್ಕೆ. ಏರಿ ರಸ್ತೇಲಿ ಎದುರಿನ ಬೈಕಿನವನ ಕಣ್ಣು ಕಟ್ಟಿದ್ರೆ ಅವನು ತಪ್ಪಿಸ್ಕೊಳ್ಳೋಕೆ ಇರೋದು ಎರಡೇ ಜಾಗ, ನೀವು ಇಲ್ಲಾ ನಾಲೆ. ಮೇಲ್ಗಡೆ ಬೆಳಕು ಗೆರೆ ಎಳೆದ ಹಾಗೆ ನಿಲ್ಲುವ ಬೀಮ್ ಹುಡುಕಿ, ಕಾರಿನ ಡಿಮ್ ಲೈಟ್ ಥರ. ಇದಕ್ಕೆ ಕಟ್-ಆಫ್ ಅಂತಾರೆ. ಜರ್ಮನಿಯ ರಸ್ತೆ ನಿಯಮ ಸೈಕಲ್ ಲೈಟಿಗೆ ಇದನ್ನೇ ಕೇಳೋದು: 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ (ಒಂದು ಜಾಗದ ಮೇಲೆ ಬೀಳೋ ಬೆಳಕಿನ ಅಳತೆ), ಎದುರಿನವರ ಕಣ್ಣಿಗೆ ಹೊಡೀಬಾರದು, ಮಿನುಗಬಾರದು. ಪೆಟ್ಟಿಗೆ ಮೇಲೆ “ಎಸ್‌ಟಿವಿಜೆಡ್‌ಒ” ಅಂತ ಇದ್ರೆ ಆ ನಿಯಮದ ಮಾತು ಅದು. ಪದ ಅಚ್ಚು ಹಾಕೋಕೆ ಖರ್ಚೇನೂ ಇಲ್ಲ, ಆದ್ದರಿಂದ ಲೈಟಿನ ಮೈ ಮೇಲೆ ಅಲೆಯಂಥ ಗೆರೆ, ಅದರ ಪಕ್ಕ ‘ಕೆ’ ಅಕ್ಷರ ಮತ್ತೆ ಒಂದು ಸಂಖ್ಯೆ ಇದೆಯಾ ನೋಡಿ. ಬುಶ್ ಆಂಡ್ ಮ್ಯೂಲರ್ ಥರದ ಜರ್ಮನ್ ಕಂಪನಿಗಳ ಮಾಲಿನಲ್ಲಿ ಇರುತ್ತೆ.

ಅಂಥ ಲೈಟಿನ ಶಕ್ತಿಯನ್ನ ಲಕ್ಸಲ್ಲಿ ಹೇಳ್ತಾರೆ. ಬೀದಿದೀಪ ಇರೋ ಕಡೆ 10–15 ಲಕ್ಸ್ ನಡೆಯುತ್ತೆ, ನಿಮಗೆ 40 ಬೇಕು. ದೂರ ದುಪ್ಪಟ್ಟಾದ್ರೆ ಲಕ್ಸ್ ಕಾಲು ಭಾಗಕ್ಕೆ ಇಳಿಯುತ್ತೆ, ಅಂದ್ರೆ 10 ಮೀಟರಲ್ಲಿ 40 ಇದ್ದದ್ದು 20 ಮೀಟರಲ್ಲಿ 10. ಆದ್ರೆ ಲಕ್ಸ್ ಒಂದನ್ನೇ ನಂಬಬೇಡಿ. ಬೆಳಕನ್ನ ಸಣ್ಣ ಚುಕ್ಕಿ ಮಾಡಿದ್ರೆ ಲಕ್ಸ್ ತಾನಾಗೇ ಏರುತ್ತೆ, ರಸ್ತೆಯ ಅಂಚು ಕತ್ತಲಲ್ಲೇ ಉಳಿಯುತ್ತೆ. ಏರಿ ಮೇಲೆ ನಿಮಗೆ ಬೇಕಾಗಿರೋದು ಆ ಅಂಚು.

ಎಷ್ಟು ದೂರ ಕಾಣಬೇಕು? 20 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 5.5 ಮೀಟರ್. ಅಡ್ಡ ಇರೋದನ್ನ ಕಂಡು ಬ್ರೇಕ್ ಹಿಡಿಯೋ ಅಷ್ಟರಲ್ಲಿ ಒಂದೂವರೆ ಸೆಕೆಂಡ್, ಅಲ್ಲಿಗೆ 8 ಮೀಟರ್ ಹೋಯ್ತು. ಒಣ ರಸ್ತೇಲಿ ನಿಲ್ಲೋಕೆ ಇನ್ನೊಂದು 5. ಒಟ್ಟು 13–14 ಮೀಟರ್. ಮಳೇಲಿ ಒದ್ದೆಯಾದ ಸ್ಟೀಲ್ ರಿಮ್ಮಿನ ಮೇಲೆ ರಾಡ್ ಬ್ರೇಕ್ ಅರ್ಧ ಹಿಡಿದ್ರೆ ಹೆಚ್ಚು, 18 ಮೀಟರ್ ಇಟ್ಕೊಳ್ಳಿ. ಹಾಗಾಗಿ 20 ಮೀಟರ್ ತನಕ ರಸ್ತೆ ತೋರಿಸೋ ಲೈಟು ಬೇಕು, 100 ಮೀಟರ್ ಹೊಡೆಯೋದು ಬೇಡ.

ಅಂಗಡೀಲಿ ಪರೀಕ್ಷೆ ಸುಲಭ. ಗೋಡೆಗೆ 3 ಮೀಟರ್ ದೂರ ನಿಂತು, ಅಂಗಡಿ ದೀಪ ಆರಿಸೋಕೆ ಹೇಳಿ, ಗೋಡೆಗೆ ಲೈಟು ಬಿಡಿ. ಗೋಡೆ ಮೇಲೆ ದುಂಡು ಚುಕ್ಕಿ, ಸುತ್ತ ಮಂಕು ವೃತ್ತ ಬಂದ್ರೆ ಅದು ಟಾರ್ಚು. ಮೇಲೆ ನೇರ ಅಂಚು, ಕೆಳಗೆ ಅಗಲವಾಗಿ ಹರಡಿದ ಬೆಳಕು ಬಂದ್ರೆ ಸೈಕಲ್ ಲೈಟು.

ಸೆಲ್‌ಶಾಸ್ತ್ರಿ (ಮೈಸೂರು)

ಬೀಮಿನ ವಿಷಯ ಮೇಡಂ ಹೇಳಿಯಾಯ್ತು. ನಾನು ಸೆಲ್ಲಿನ ಲೆಕ್ಕ ಹೇಳ್ತೀನಿ, ಮೋಸ ಜಾಸ್ತಿ ನಡೆಯೋದು ಇಲ್ಲೇ.

ಈಗಿನ ಹೆಚ್ಚಿನ ಲೈಟಿನೊಳಗೆ ಇರೋದು 18650 ಅನ್ನೋ ಲಿಥಿಯಂ ಸೆಲ್. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಹೆಸರೇ ಅಳತೆ. ಒಳ್ಳೆ ಕಂಪನಿಯದ್ದು 2600ರಿಂದ 3500 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ). 3500ರ ಮೇಲೆ ಬರ್ದಿದ್ರೆ ಅನುಮಾನ ಪಡಿ, 9900 ಅಂತ ಬರ್ದಿದ್ರೆ ಕೈಮುಗಿದು ಬಿಡಿ. ಅಷ್ಟು ಆ ಅಳತೇಲಿ ಹಿಡಿಯಲ್ಲ. ಸ್ವಲ್ಪ ದಪ್ಪದ 21700 ಸೆಲ್ 4000–5000 ಹಿಡಿಯುತ್ತೆ.

2600 ಎಂಎಎಚ್ ಅಂದ್ರೆ 2.6 ಆಂಪಿಯರ್-ಗಂಟೆ. 3.6 ವೋಲ್ಟಿಂದ ಗುಣಿಸಿದ್ರೆ 9.4 ವ್ಯಾಟ್-ಗಂಟೆ. ವ್ಯಾಟಿಗೆ 100 ಲುಮೆನ್ ಲೆಕ್ಕದಲ್ಲಿ 200 ಲುಮೆನ್‌ಗೆ ನಾಲ್ಕೂವರೆ ಗಂಟೆ, 400ಕ್ಕೆ ಎರಡು ಗಂಟೆ ಚಿಲ್ಲರೆ, 1000ಕ್ಕೆ ಒಂದು ಗಂಟೆಗೂ ಕಮ್ಮಿ. ಯಾವ ಪೆಟ್ಟಿಗೆ ಮೇಲೆ ಏನೇ ಇರಲಿ, ಈ ಗುಣಾಕಾರ ಮಾಡಿ ನೋಡಿ. “1000 ಲುಮೆನ್, 2000 ಎಂಎಎಚ್, 6 ಗಂಟೆ” ಅಂತಿದ್ರೆ ಮೂರರಲ್ಲಿ ಒಂದಂತೂ ಸುಳ್ಳು.

ಇನ್ನೊಂದು ಸಂಗತಿ. ಟಾರ್ಚುಗಳಿಗೆ ಎಎನ್‌ಎಸ್‌ಐ ಎಫ್‌ಎಲ್1 ಅಂತ ಒಂದು ಮಾನದಂಡ ಇದೆ. ಅದರ ಪ್ರಕಾರ “ಉರಿಯುವ ಅವಧಿ” ಅಂದ್ರೆ ಬೆಳಕು ಶುರುವಿನ ಶೇ. 10ಕ್ಕೆ ಇಳಿಯೋ ತನಕ. 400 ಲುಮೆನ್ ಲೈಟು 40ಕ್ಕೆ ಇಳಿದು ಮಿಣಿಮಿಣಿ ಅನ್ನೋದನ್ನೂ ಸೇರಿಸ್ಕೊಂಡು ಲೆಕ್ಕ ಹಾಕಿರ್ತಾರೆ. ಸುಳ್ಳಲ್ಲ, ಆದ್ರೆ ನಿಮ್ಮ ಉಪಯೋಗಕ್ಕೆ ಬರೋ ಸಂಖ್ಯೆಯೂ ಅಲ್ಲ. ವಿವರಣೇಲಿ “ಸ್ಥಿರ ಬೆಳಕು” ಅನ್ನೋ ಅರ್ಥದ ಮಾತಿದ್ರೆ, ಅವಧಿಯ ಗ್ರಾಫ್ ಕೊಟ್ಟಿದ್ರೆ ಒಳ್ಳೇದು.

ನಿಮಗೆ ದಿನಕ್ಕೆ ಒಂದೂವರೆ ಗಂಟೆ, 250 ಲುಮೆನ್. ಅಂದ್ರೆ ಸುಮಾರು 3.8 ವ್ಯಾಟ್-ಗಂಟೆ. ಸೆಲ್ಲು ಹಳತಾದಂಗೆ ಹಿಡಿತ ಕಮ್ಮಿ ಆಗುತ್ತೆ, 300–500 ಸಲ ಪೂರ್ತಿ ಚಾರ್ಜ್ ಆದ ಮೇಲೆ ಶೇ. 80ರಷ್ಟು ಉಳಿದ್ರೆ ಸರಿಯಾದ ಮಾಲು. ರಾತ್ರಿ ಕರೆಂಟ್ ಕೈಕೊಟ್ರೆ ಮಾರನೇ ದಿನಕ್ಕೂ ಉಳೀಬೇಕು. ಅದಕ್ಕೆ 9 ವ್ಯಾಟ್-ಗಂಟೆಗಿಂತ ಕೆಳಗಿನದು ತಗೋಬೇಡಿ.

ಸಾಧ್ಯ ಇದ್ರೆ ಸೆಲ್ ಬದಲಾಯಿಸೋಕೆ ಬರೋ ಲೈಟೇ ತಗೊಳ್ಳಿ. ಅಂಟಿಸಿ ಮುಚ್ಚಿದ್ದು ಎರಡು ಮೂರು ವರ್ಷಕ್ಕೆ ಕಸ. ಬೇರೆ ಸೆಲ್ ಕೊಳ್ಳುವಾಗ ಗಮನ: ರಕ್ಷಣಾ ಸರ್ಕ್ಯೂಟ್ ಇರೋ 18650 ಸುಮಾರು 69 ಮಿ.ಮೀ. ಉದ್ದ ಬರುತ್ತೆ, ಕೆಲವು ಲೈಟಲ್ಲಿ ಮುಚ್ಚಳ ಕೂರಲ್ಲ. ಅಳೆದು ತಗೊಳ್ಳಿ. ಸೆಲ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046, ‘ಆರ್’ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ ಸೆಲ್ಲಿಗೆ ಹೊಸ ಹೊದಿಕೆ ಹಾಕಿ ಮಾರೋರಿದಾರೆ. ಬಿಡಿ ಸೆಲ್ಲನ್ನ ಬೀಗದ ಕೈ, ಚಿಲ್ಲರೆ ಜೊತೆ ಜೇಬಿಗೆ ಹಾಕ್ಬೇಡಿ, ಎರಡು ತುದಿ ಕೂಡಿದ್ರೆ ಬೆಂಕಿಯೇ.

ಚಾರ್ಜಿಂಗ್: ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ಹೊಸ ಫೋನ್ ಚಾರ್ಜರಲ್ಲಿ ಚಾರ್ಜ್ ಆಗುತ್ತೆ ಅಂತಲ್ಲ. ಅಗ್ಗದ ಲೈಟಲ್ಲಿ 5.1 ಕಿಲೋ-ಓಮಿನ ಎರಡು ಪುಟ್ಟ ರೆಸಿಸ್ಟರ್ ಹಾಕದೆ ಖರ್ಚು ಉಳಿಸಿರ್ತಾರೆ. ಅವಿಲ್ಲದೆ ಎರಡೂ ತುದಿ ಟೈಪ್-ಸಿ ಇರೋ ಕೇಬಲ್ಲಿಂದ ಕರೆಂಟೇ ಬರಲ್ಲ. ಲೈಟು ಕೆಟ್ಟಿದೆ ಅಂತ ವಾಪಸ್ ಕಳಿಸೋ ಮುಂಚೆ ಹಳೇ ಅಗಲ ಯುಎಸ್‌ಬಿ ಚಾರ್ಜರ್ ಹಾಕಿ ನೋಡಿ. ಬಿಸಿಲಲ್ಲಿ ನಿಂತು ಸುಡ್ತಿರೋ ಲೈಟನ್ನ ಆಗಲೇ ಚಾರ್ಜಿಗೆ ಹಾಕ್ಬೇಡಿ, 45 ಡಿಗ್ರಿ ಮೇಲೆ ಲಿಥಿಯಂ ಸೆಲ್ಲಿಗೆ ಚಾರ್ಜಿಂಗ್ ಆಗಿಬರಲ್ಲ.

ಪೆನ್ಸಿಲ್ ಸೆಲ್ ಲೈಟ್ ಕೇಳಿದ್ರಲ್ಲ, ಧಾರಾಳವಾಗಿ ತಗೋಬಹುದು, ನಾಲ್ಕು ಎಎ ಹಾಕೋದಾದ್ರೆ. ರೀಚಾರ್ಜ್ ಆಗೋ ನಿಕಲ್ ಸೆಲ್ 1.2 ವೋಲ್ಟ್, 2000 ಎಂಎಎಚ್. ನಾಲ್ಕು ಸೇರಿ 9.6 ವ್ಯಾಟ್-ಗಂಟೆ, ಒಂದು 18650ಗೆ ಸಮ. ದಾರೀಲಿ ಮುಗಿದ್ರೆ ಯಾವ ಚಿಲ್ಲರೆ ಅಂಗಡೀಲೂ ಸೆಲ್ ಸಿಗುತ್ತೆ. ಆದ್ರೆ ಹತ್ತು ಹದಿನೈದು ರೂಪಾಯಿ ಗೋಡೆ ಗಡಿಯಾರದ ಸೆಲ್ ಇದಕ್ಕೆ ಹೇಳಿದ್ದಲ್ಲ. ಎಳೆತ ಜಾಸ್ತಿಯಾದ್ರೆ ಕುಸಿಯುತ್ತೆ, ಒಳಗೇ ಬಿಟ್ರೆ ಸೋರಿ ಪತ್ತಿ ತಿಂದು ಹಾಕುತ್ತೆ. ಎರಡೇ ಎಎ ಅಥವಾ ಮೂರು ಎಎಎ ಲೈಟು ನಿಮ್ಮ ದಾರಿಗೆ ಸಾಲಲ್ಲ.

ಪಂಚರ್ ಪೆಟ್ಟಿಗೆ (ಮಂಡ್ಯ)

ಲೈಟ್ ಸರೀಗೈತೆ, ಕಟ್ಟದ್ ಸರೀಗಿಲ್ಲ ಅಂದ್ರೆ ದುಡ್ ನಾಲೆಗೇ. ಕಟ್ಟೋದರ ಬಗ್ಗೆ ವಸಿ ಹೇಳ್ತೀನಿ ಕೇಳಿ ಸಾ.

ಮುಂದೆ ಬುಟ್ಟಿ ಇದ್ರೆ ಹ್ಯಾಂಡಲ್ ಮ್ಯಾಲೆ ಲೈಟ್ ಕಟ್ಟಬ್ಯಾಡಿ. ಬುಟ್ಟಿ ತಂತಿ ಮ್ಯಾಲೇ ಬೆಳಕು ಬಿದ್ದು ನಿಮ್ ಕಣ್ಣಿಗೇ ಹೊಡೀತದೆ, ರಸ್ತೆ ಮ್ಯಾಲೆ ಜಾಲರಿ ನೆರಳು. ಟಿಫನ್ ಕ್ಯಾರಿಯರ್ ಇಟ್ರಂತೂ ಮುಗೀತು. ಕರಿ ಸೈಕಲ್ಲಲ್ಲಿ ಹ್ಯಾಂಡಲ್ ಕಾಂಡದ ಮುಂದೆ ಹಳೇ ಕಾಲದ ಲ್ಯಾಂಪ್ ಬ್ರಾಕೆಟ್ ಇರ್ತದೆ, ಚಪ್ಪಟೆ ಪಟ್ಟಿ. ಬುಟ್ಟಿ ಅದನ್ನ ಮುಚ್ಚಿದ್ರೆ ಫೋರ್ಕ್ ತಲೆ ಹತ್ರ, ಮಡ್‌ಗಾರ್ಡ್ ಬೋಲ್ಟ್ ಬರೋ ಜಾಗಕ್ಕೆ ಎಲ್ ಆಕಾರದ ಪಟ್ಟಿ ಹಾಕ್ಸಿ. 3 ಮಿ.ಮೀ. ದಪ್ಪ ಇರ್ಲಿ, ತೆಳು ತಗಡು ಆದ್ರೆ ಗುದ್ದಾಟಕ್ಕೆ ಬಿರೀತದೆ. ಆ ಪಟ್ಟಿಗೆ 25 ಮಿ.ಮೀ. ಪಿವಿಸಿ ಪೈಪು 7 ಸೆಂ.ಮೀ. ತುಂಡು ಅಡ್ಡಡ್ಡ ಕೂರ್ಸಿ. 6 ಮಿ.ಮೀ. ಬೋಲ್ಟು, ಎರಡೂ ಕಡೆ ಅಗಲ ವಾಶರು, ನೈಲಾನ್ ಉಂಗುರ ಇರೋ ನಟ್ಟು. ಮಾಮೂಲಿ ನಟ್ಟು ಆದ್ರೆ ಏರಿ ಮ್ಯಾಲೆ ಎರಡು ವಾರಕ್ಕೆ ಬಿಚ್ಕತದೆ. ಈಗ ಆ ಪೈಪ್ ಮ್ಯಾಲೆ ಯಾವ ಲೈಟಿನ ಕ್ಲಾಂಪ್ ಆದ್ರೂ ಕೂರ್ತದೆ. ಲೈಟಿನ ಮೂತಿ ಬುಟ್ಟಿ ತಳಕ್ಕಿಂತ ವಸಿ ಮುಂದೆ ಇರ್ಲಿ.

ಕ್ಲಾಂಪ್ ಅಡೀಲಿ ಹಳೇ ಟ್ಯೂಬ್ ತುಂಡು ಒಂದು ಸುತ್ತು. ಅದಿಲ್ದಿದ್ರೆ ಪ್ರತಿ ಹಂಪಿಗೂ ಲೈಟು ತಲೆ ತಗ್ಗಿಸ್ತಾ ಹೋಯ್ತದೆ. ರಬ್ಬರ್ ಪಟ್ಟಿ ಎಳೆದು ಸಿಕ್ಕಿಸೋ ಲೈಟ್ ಬ್ಯಾಡ, ಬಿಸಿಲಿಗೆ ರಬ್ಬರ್ ಸೀಳ್ತದೆ. ಸ್ಕ್ರೂ ಕ್ಲಾಂಪೇ ಇರ್ಲಿ.

ಇನ್ನು ಹ್ಯಾಂಡಲ್ ಮ್ಯಾಲೇ ಕಟ್ತೀನಿ ಅನ್ನೋರು, ಬ್ರೇಕ್ ರಾಡ್ ಸೇರ್ಸಿ ಸುತ್ತಬ್ಯಾಡಿ. ಲಿವರ್ ಹಿಡಿದ್ರೆ ಆಮೇಲೆ ವಾಪಸ್ ಬರಕಿಲ್ಲ, ರಿಮ್ಮಿಗೆ ಕಚ್ಕಂಡೇ ಇರ್ತದೆ.

ಕೆಳಗೆ ಕಟ್ಟಿದ್ ಲೈಟು ಬಿಚ್ಕಂಡ್ರೆ ನೇರ ಕಡ್ಡಿಗೇ ಬೀಳೋದು. ಮುಂದಿನ ಚಕ್ರ ತಟ್ಟಂತ ನಿಂತ್ರೆ ಸವಾರ ಹ್ಯಾಂಡಲ್ ದಾಟಿ ಬೀಳ್ತಾನೆ. ಅದಕ್ಕೆ ಲೈಟಿನ ಮೈಗೂ ಫೋರ್ಕಿಗೂ ಗಿಡ್ಡ ದಾರ ಒಂದು ಕಟ್ಟಿ, ಬಿದ್ರೂ ಚಕ್ರ ಮುಟ್ಟಬಾರ್ದು, ಅಷ್ಟುದ್ದ.

ಮಳೆಗೆ ಐಪಿಎಕ್ಸ್ ಅನ್ನೋ ನೀರು ತಡೆಯೋ ದರ್ಜೆ ನೋಡಿ. ಐಪಿಎಕ್ಸ್4 ಅಂದ್ರೆ ಎರಚಲು ತಡೀತದೆ, ಕೆಳಗೆ ಕಟ್ಟೋದಾದ್ರೆ ಚಕ್ರದ ನೀರು ಹೊಡೀತದೆ, ಐಪಿಎಕ್ಸ್6 ನೋಡಿ. ನೀರು ಒಳಗೋಗೋದು ಯಾವಾಗ್ಲೂ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳದಿಂದ. ಆ ತೂತು ಕೆಳಮುಖ ಇರೋ ಹಂಗೆ ಕಟ್ಟಿ. ಒದ್ದೆ ತೂತಿಗೆ ಚಾರ್ಜರ್ ಹಾಕಿದ್ರೆ ಪಿನ್ನು ಹಸಿರು ಹಿಡಿದು ಸುಟ್ಟೋಯ್ತದೆ.

ಏರಿಸವಾರ (ಮಂಡ್ಯ)

ಬಹಳ ಉಪಕಾರ ಆಯ್ತು. ಎರಡು ಅನುಮಾನ. ಅಷ್ಟು ಕೆಳಗೆ ಕಟ್ಟಿದ್ರೆ ಬೆಳಕು ದೂರ ಹೋಗುತ್ತಾ? ಮತ್ತೆ ಮಿನುಗೋ ಮೋಡ್ ಹಾಕಿದ್ರೆ ಬ್ಯಾಟರಿ ಉಳಿಯುತ್ತೆ, ಜನಕ್ಕೂ ಬೇಗ ಕಾಣುತ್ತೆ ಅಂತಾರಲ್ಲ?

ಬೋಗಾದಿ ಬೈಸಿಕಲ್ (ಮೈಸೂರು)

ಮಿನುಗೋದು ಹಗಲಿಗೆ, ಇಲ್ಲಾ ಬೀದಿದೀಪದ ಊರೊಳಗೆ. ಕತ್ತಲ ರಸ್ತೇಲಿ ಮಿನುಗಿದ್ರೆ ಎದುರಿನವನಿಗೆ ನೀವು ಎಷ್ಟು ದೂರ ಇದೀರಿ, ಯಾವ ಕಡೆಗೆ ಬರ್ತಿದೀರಿ ತಿಳಿಯಲ್ಲ. ನಿಮಗೂ ಗುಂಡಿ ಬಿಟ್ಟು ಬಿಟ್ಟು ಕಾಣುತ್ತೆ. ಬಟನ್ ಒತ್ತಿದಾಗ ಹೈ, ಲೋ, ಮಿನುಗು ಅಂತ ಸುತ್ತೋ ಲೈಟು ದೊಡ್ಡ ಕಿರಿಕಿರಿ, ಲೋಯಿಂದ ವಾಪಸ್ ಹೈಗೆ ಹೋಗೋವಾಗ ನಡುವೆ ಮಿನುಗು ಬರುತ್ತೆ. ಮಿನುಗು ಬೇರೆ ಒತ್ತಿಗೆ, ಎರಡು ಸೆಕೆಂಡ್ ಹಿಡಿದ್ರೆ ಮಾತ್ರ ಬರೋ ಥರದ್ದು ನೋಡಿ.

ಕೆಳಗೆ ಕಟ್ಟೋದು: ದೂರಕ್ಕೆ ತೊಂದರೆ ಇಲ್ಲ, ಗುರಿ ಸರಿ ಇಡಬೇಕು ಅಷ್ಟೇ. ಗೋಡೆಯಿಂದ 5 ಮೀಟರ್ ದೂರ ಸೈಕಲ್ ನೇರ ನಿಲ್ಸಿ, ಚಕ್ರದಲ್ಲಿ ಗಾಳಿ ಸರಿಯಾಗಿರಲಿ. ನೆಲದಿಂದ ಲೈಟಿನ ಎತ್ತರ ಅಳೀರಿ. 75 ಸೆಂ.ಮೀ. ಇದ್ರೆ ಗೋಡೆ ಮೇಲೆ ಬೀಮಿನ ನಡುಭಾಗ 50 ಸೆಂ.ಮೀ.ಗೆ ಬೀಳಲಿ. ಆಗ ಅದು ರಸ್ತೆ ಮುಟ್ಟೋದು 15 ಮೀಟರಲ್ಲಿ. 56 ಸೆಂ.ಮೀ.ಗೆ ಬಿದ್ರೆ 20 ಮೀಟರ್. ಕಟ್-ಆಫ್ ಗೆರೆ ಮಾತ್ರ ಯಾವ ಕಾರಣಕ್ಕೂ ಲೈಟಿನ ಎತ್ತರ ಮೀರಬಾರದು. ಕೆಳಗಿನ ಲೈಟಿಗೆ ಗುಂಡಿಯ ನೆರಳು ಉದ್ದ ಬೀಳುತ್ತೆ, ಬಣ್ಣ ಬಳಿಯದ ಹಂಪು ಬೇಗ ಗೊತ್ತಾಗುತ್ತೆ. ಡಿಸೆಂಬರ್–ಜನವರಿ ಮಂಜಿಗೂ ಅದೇ ಒಳ್ಳೇದು, ಕಣ್ಣಿನ ಮಟ್ಟದಿಂದ ಬೆಳಕು ದೂರ ಇದ್ದಷ್ಟೂ ಮಂಜಿನ ಬಿಳಿ ಪರದೆ ಕಮ್ಮಿ. ಆ ದಿನ ಹೈ ಬೇಡ, ಲೋನಲ್ಲೇ ಹೋಗಿ. ನೀಲಿ ಹೊಡೆಯೋ 6500 ಕೆಲ್ವಿನ್‌ಗಿಂತ (ಬೆಳಕಿನ ಬಣ್ಣದ ಅಳತೆ ಇದು) 4000–5000 ಇರೋ ಬೆಳಕಲ್ಲಿ ಕೆಮ್ಮಣ್ಣು, ಒದ್ದೆ ಟಾರು ಬೇರೆ ಬೇರೆಯಾಗಿ ಕಾಣುತ್ತೆ.

ಮಲ್ಲಿ ಮೇಡಂ ಮಾತಿಗೆ ಒಂದು ತಕರಾರು ಇದೆ. ಕಟ್-ಆಫ್ ಬೀಮ್ ಮೇಲೆ ಏನನ್ನೂ ತೋರಿಸಲ್ಲ. ಟ್ರೈಲರಿನ ಹಿಂದೆ ಕಬ್ಬಿನ ತುದಿ ಮೀಟರುಗಟ್ಟಲೆ ಚಾಚಿರುತ್ತೆ, ಅದೂ ಸರಿಯಾಗಿ ಮುಖದ ಮಟ್ಟಕ್ಕೆ. ರಸ್ತೆ ಪೂರ್ತಿ ಬೆಳಗ್ತಿದ್ದು ಕಬ್ಬು ಮಾತ್ರ ಕತ್ತಲಲ್ಲಿರುತ್ತೆ. ಜರ್ಮನಿ ನಿಯಮಕ್ಕೆ ಕಬ್ಬಿನ ಗಾಡಿ ಗೊತ್ತಿಲ್ಲ.

ದೀಪದಮಲ್ಲಿ (ಮೈಸೂರು)

ತಕರಾರು ನ್ಯಾಯವಾದದ್ದೇ. ಟ್ರೈಲರಿನ ಟಯರು 20 ಮೀಟರಲ್ಲಿ ಬೀಮಿಗೆ ಸಿಗುತ್ತೆ, ಆದ್ರೆ ಕಬ್ಬು ಅದಕ್ಕಿಂತ ಈಚೆಗೆ ಚಾಚಿರುತ್ತೆ ನಿಜ. ಇದಕ್ಕೆ ದುಂಡು ಬೀಮು ಪರಿಹಾರ ಅಲ್ಲ. ಹಣೆಗೆ ಕಟ್ಟೋ 50–100 ಲುಮೆನ್ ಸಣ್ಣ ಟಾರ್ಚ್ ಒಂದು ಇಟ್ಕೊಳ್ಳಿ, 400–500 ರೂಪಾಯಿಗೆ ಸಿಗುತ್ತೆ. ಮುಂದೆ ಏನೋ ಕಪ್ಪಗೆ ನಿಂತಿದೆ ಅನ್ಸಿದಾಗ ತಲೆ ಎತ್ತಿ ನೋಡಿದ್ರೆ ಸಾಕು, ಎದುರು ಯಾರಾದ್ರೂ ಬಂದ್ರೆ ತಗ್ಗಿಸಿ. ಅದೊಂದನ್ನೇ ನೆಚ್ಚಿಕೊಂಡು ಓಡಿಸ್ಬೇಡಿ. ಕಣ್ಣಿನ ಪಕ್ಕದ್ದೇ ಬೆಳಕಾದ್ರೆ ನೆರಳು ಬೀಳೋದು ಕಾಣಲ್ಲ, ಗುಂಡಿಯೆಲ್ಲ ಸಪಾಟು. ಸೈಕಲ್ ಲೈಟು ಕೈಕೊಟ್ಟ ದಿನ ಮನೆ ಮುಟ್ಟೋಕೂ ಆಗುತ್ತೆ.

ಹಿಂದಿನದು ನೀವು ಕೇಳಿಲ್ಲ, ಆದ್ರೂ ಮಡ್‌ಗಾರ್ಡಿಗೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿ, ಒಂದು ಕೆಂಪು ಲೈಟೂ ಹಾಕಿ.

ಸೆಲ್‌ಶಾಸ್ತ್ರಿ (ಮೈಸೂರು)

ಹಾರ್ನ್ ಇರೋ ಲೈಟಿನ ಬಗ್ಗೆ ಯಾರೂ ಹೇಳಲಿಲ್ಲ. ಹಾರ್ನಿನ ವೈರು ಹೊರಗೆ ಬರೋ ತೂತಿಂದಲೇ ನೀರು ಇಳಿಯುತ್ತೆ. ಕರಿ ಸೈಕಲ್ಲಿಗೆ ಬೆಲ್ಲೇ ಸಾಕು.

1,900ರದ್ದು ಕಟ್-ಆಫ್ ಇದ್ದು, 9 ವ್ಯಾಟ್-ಗಂಟೆ ಮೇಲಿದ್ರೆ ತಗೊಳ್ಳಿ. ಬಂದ ದಿನವೇ ಪೂರ್ತಿ ಚಾರ್ಜ್ ಮಾಡಿ, ಟೇಬಲ್ ಫ್ಯಾನ್ ಮುಂದೆ ಇಟ್ಟು ನೀವು ಬಳಸೋ ಮೋಡಲ್ಲೇ ಉರಿಸಿ. ಫ್ಯಾನ್ ಯಾಕೆ ಅಂದ್ರೆ, ಸವಾರೀಲಿ ಗಾಳಿ ತಣಿಸುತ್ತೆ. ನಿಂತ ಗಾಳೀಲಿ ಬಿಸಿಯಾಗಿ ಸರ್ಕ್ಯೂಟು ತಾನೇ ಬೆಳಕು ಇಳಿಸಿಬಿಡುತ್ತೆ, ಲೆಕ್ಕ ತಪ್ಪುತ್ತೆ. ಅರ್ಧ ಗಂಟೆಗೊಂದು ಸಲ ಅದೇ ಗೋಡೆಯ ಫೋಟೋ ತೆಗೀರಿ, ಫೋನಲ್ಲಿ ಎಕ್ಸ್‌ಪೋಶರ್ ಲಾಕ್ ಮಾಡಿ, ಇಲ್ಲದಿದ್ರೆ ಕ್ಯಾಮೆರಾನೇ ಬೆಳಕು ಸರಿದೂಗಿಸಿ ಎಲ್ಲ ಒಂದೇ ಥರ ತೋರಿಸುತ್ತೆ. ಮೂರು ಗಂಟೆ ತನಕ ಫೋಟೋಗಳು ಹೆಚ್ಚು ಕಮ್ಮಿ ಒಂದೇ ಥರ ಇದ್ರೆ ಇಟ್ಕೊಳ್ಳಿ. ಒಂದು ಗಂಟೆಗೇ ಮಂಕಾದ್ರೆ ವಾಪಸ್ ಮಾಡೋ ಗಡುವು ಮುಗಿಯೋದ್ರೊಳಗೆ ಆ ಫೋಟೋ ಸಮೇತ ಕಳಿಸಿ.